ಮಾಳ, ಚೇಂದಮಂಗಲಂ, ಪರವೂರು: ಕೇರಳದ ಸಣ್ಣ ಊರುಗಳ ಯಹೂದಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಚ್ಚಿಗೆ ಪ್ರವಾಸ ಹೋದವರು ಮಟ್ಟಾಂಚೇರಿಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ನೋಡಿಕೊಂಡು ಬರುತ್ತಾರೆ. ನೆಲಕ್ಕೆ ಹಾಸಿರುವ ನೀಲಿ ಬಿಳಿ ಚೀನೀ ಟೈಲ್ಸ್, ಮೇಲೆ ತೂಗುವ ಗಾಜಿನ ದೀಪಗಳು, ಹೊರಗಿನ ಗಡಿಯಾರದ ಗೋಪುರ. ಎಲ್ಲವೂ ಚೆಂದವೇ. ಆದರೆ ಕೇರಳದ ಯಹೂದಿಗಳಲ್ಲಿ ಹೆಚ್ಚಿನವರು ಆ ಸಿನಗಾಗಿಗೆ ಸೇರಿದವರಲ್ಲ. ಅವರಲ್ಲಿ ಎಷ್ಟೋ ಮನೆಗಳು ಹೊಳೆ ಪಕ್ಕದ ಸಣ್ಣ ಊರುಗಳಲ್ಲಿದ್ದವು. ಆ ಊರುಗಳ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಈ ಪ್ರಶ್ನೋತ್ತರ ಆ ಊರಿನವರ ಬಗ್ಗೆ.

ಕೊಚ್ಚಿ ಯಹೂದಿಗಳು ಅಂದರೆ ಮಟ್ಟಾಂಚೇರಿಯವರು ತಾನೇ?

ಅವರೂ ಹೌದು, ಆದರೆ ಅವರಷ್ಟೇ ಅಲ್ಲ. ಇಪ್ಪತ್ತನೇ ಶತಮಾನದ ನಡುವಿನವರೆಗೂ ಕೇರಳದಲ್ಲಿ ಎಂಟು ಸಿನಗಾಗ್‌ಗಳಿದ್ದವು. ಮಟ್ಟಾಂಚೇರಿಯಲ್ಲಿ ಮೂರು, ಎರ್ನಾಕುಲಂನಲ್ಲಿ ಎರಡು, ಪರವೂರು, ಚೇಂದಮಂಗಲಂ ಮತ್ತು ಮಾಳದಲ್ಲಿ ಒಂದೊಂದು. ಈ ಎಂಟರಲ್ಲಿ ಪ್ರವಾಸಿಗರು ನೋಡುವ ಪರದೇಶಿ ಸಿನಗಾಗ್ ಒಂದೇ ಒಂದು. ಸ್ಪೇನ್, ಪೋರ್ಚುಗಲ್ ಮತ್ತು ಅರಬ್ ನಾಡುಗಳ ಕಡೆಯಿಂದ 16ನೇ ಶತಮಾನದಿಂದೀಚೆಗೆ ಬಂದವರು ಅದನ್ನು ಕಟ್ಟಿಸಿದರು. ಹೊರಗಿನಿಂದ ಬಂದವರಾದ್ದರಿಂದಲೇ 'ಪರದೇಶಿ' ಅನ್ನುವ ಹೆಸರು.

ಉಳಿದ ಏಳೂ ಮಲಬಾರಿ ಯಹೂದಿಗಳವು. ಅವರು ಇನ್ನೂ ಹಳಬರು, ಸಂಖ್ಯೆಯಲ್ಲೂ ಬಹಳ ಜಾಸ್ತಿ. ಫೋಟೋದಲ್ಲಿ, ಪ್ರವಾಸದ ಪುಸ್ತಕಗಳಲ್ಲಿ ಮಾತ್ರ ಅವರು ಕಾಣುವುದೇ ಕಡಿಮೆ. ಇದು ನನಗೆ ಯಾವಾಗಲೂ ಬೇಸರ ತರುವ ಸಂಗತಿ.

ಈ ಊರುಗಳು ಎಲ್ಲಿವೆ?

ಪರವೂರು ಮತ್ತು ಚೇಂದಮಂಗಲಂ ಎರ್ನಾಕುಲಂ ಜಿಲ್ಲೆಯಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಕೆಲವೇ ಕಿಲೋಮೀಟರ್. ಕೇರಳದಲ್ಲಿ ಇನ್ನೊಂದು ಪರವೂರು ಇರುವುದರಿಂದ ಇದನ್ನು ಉತ್ತರ ಪರವೂರು ಅಂತಲೂ ಕರೆಯುತ್ತಾರೆ. ಮಾಳ ತ್ರಿಶ್ಶೂರು ಜಿಲ್ಲೆಯಲ್ಲಿದೆ. ಮೂರೂ ಊರು ಕೊಡುಂಗಲ್ಲೂರಿನ ಸುತ್ತಮುತ್ತಲಿನವೇ. ಹಿಂದೆ ಮುಜಿರಿಸ್ ಅನ್ನುತ್ತಿದ್ದ ಬಂದರು ಈ ಕಡೆಯೇ ಇತ್ತು ಅನ್ನುತ್ತಾರೆ. ಮೆಣಸು ಹೊತ್ತ ದೋಣಿಗಳು ಹೊಳೆಯಲ್ಲಿ ಇಳಿದು ಬರುತ್ತಿದ್ದ ಜಾಗ ಇದು.

ಅವರು ಯಾವಾಗ ಬಂದರು?

ಅವರ ಮನೆಮಾತಿನಲ್ಲಿ ಎರಡು ಕಥೆಗಳಿವೆ. ರಾಜ ಸೊಲೊಮೋನನ ಹಡಗುಗಳ ಜೊತೆ ಬಂದೆವು ಅನ್ನುವುದು ಒಂದು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ ಬಂದೆವು ಅನ್ನುವುದು ಇನ್ನೊಂದು. ಇವಕ್ಕೆ ದಾಖಲೆ ಇಲ್ಲ. ಆದರೆ ಒಂದು ಪದ ಕುತೂಹಲ ಹುಟ್ಟಿಸುತ್ತದೆ. ಸೊಲೊಮೋನನ ಹಡಗುಗಳು ತಂದ ಸರಕಿನ ಪಟ್ಟಿಯಲ್ಲಿ ಹೀಬ್ರೂ ಬೈಬಲ್ 'ತುಕ್ಕಿ' ಅನ್ನುವ ಒಂದು ಹಕ್ಕಿಯನ್ನು ಹೇಳುತ್ತದೆ. ಅದು ನವಿಲು ಅಂತ ಅರ್ಥ ಮಾಡುತ್ತಾರೆ. ಈ ಪದ ತಮಿಳಿನ 'ತೋಗೈ'ಯಿಂದ ಹೋಗಿರಬೇಕು ಅನ್ನುವುದು ಹಲವು ವಿದ್ವಾಂಸರ ಊಹೆ. ಬಾಲಕ್ಕೆ ನಾವು 'ತೋಕೆ' ಅನ್ನುತ್ತೇವಲ್ಲ, ಅದೇ ಬಳಗದ ಪದ.

ಗಟ್ಟಿ ದಾಖಲೆ ಸಿಗುವುದು 9ನೇ ಶತಮಾನದಿಂದ. 849ರ ಕೊಲ್ಲಂ ತಾಮ್ರ ಶಾಸನ ಒಂದು ಕ್ರೈಸ್ತ ಚರ್ಚಿಗೆ ಕೊಟ್ಟದ್ದು. ಅದರ ಕೊನೆಯಲ್ಲಿ ಸಾಕ್ಷಿಗಳ ಸಹಿ ಇದೆ. ಕೆಲವರು ಅರಬ್ಬಿ ಲಿಪಿಯಲ್ಲಿ, ಕೆಲವರು ಹಳೆ ಪರ್ಷಿಯಾದ ಪಹ್ಲವಿಯಲ್ಲಿ, ಕೆಲವರು ಹೀಬ್ರೂ ಲಿಪಿಯಲ್ಲಿ ಬರೆದಿದ್ದಾರೆ. ಚರ್ಚಿನ ದಾನಕ್ಕೆ ಯಹೂದಿಗಳು ಸಾಕ್ಷಿ ಹಾಕಿದ್ದಾರೆ! ಆ ಕಾಲದ ಬಂದರು ಪೇಟೆ ಹೇಗಿತ್ತು ಅನ್ನುವುದಕ್ಕೆ ಈ ಒಂದು ತಾಮ್ರದ ಹಾಳೆ ಸಾಕು.

ಯಹೂದಿಗಳಿಗೇ ಕೊಟ್ಟ ತಾಮ್ರ ಶಾಸನ ಇದೆಯಂತಲ್ಲ, ಅದರಲ್ಲಿ ಏನಿದೆ?

ಇದೆ. ಕ್ರಿ.ಶ. 1000ದ ಆಸುಪಾಸಿನಲ್ಲಿ ಚೇರ ದೊರೆ ಭಾಸ್ಕರ ರವಿವರ್ಮ ಅದನ್ನು ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ಕೊಟ್ಟ. ಲಿಪಿ ವಟ್ಟೆಳುತ್ತು, ತಮಿಳು ಮಲಯಾಳಂ ನಾಡಿನ ಹಳೆ ಲಿಪಿ. ರಬ್ಬಾನನಿಗೆ 'ಅಂಜುವಣ್ಣಂ' ಅನ್ನುವ ವ್ಯಾಪಾರಿ ಸಂಘದ ಸ್ಥಾನವನ್ನೂ 72 ಹಕ್ಕುಗಳನ್ನೂ ಕೊಡಲಾಗಿದೆ. ಹಗಲು ದೀಪ ಹಿಡಿಸುವುದು, ಪಲ್ಲಕ್ಕಿ, ಕೊಡೆ, ನಗಾರಿ, ಕಹಳೆ, ತೋರಣ, ನಡೆಯುವ ದಾರಿಗೆ ಬಟ್ಟೆ ಹಾಸುವುದು, ಕೆಲವು ತೆರಿಗೆಗಳಿಂದ ಬಿಡುಗಡೆ. ಸೂರ್ಯ ಚಂದ್ರರಿರುವ ತನಕ ಅವನ ಸಂತಾನಕ್ಕೆ ಸಲ್ಲಲಿ ಅನ್ನುವ ಮಾತೂ ಇದೆ. ನಮ್ಮ 'ಆಚಂದ್ರಾರ್ಕ' ದತ್ತಿ ಶಾಸನಗಳನ್ನು ಓದಿದವರಿಗೆ ಈ ಧಾಟಿ ಹೊಸದಲ್ಲ.

ಈ ಶಾಸನ ಈಗ ಮಟ್ಟಾಂಚೇರಿಯ ಪರದೇಶಿ ಸಿನಗಾಗಿನಲ್ಲಿದೆ. ಆದರೆ ರಬ್ಬಾನ್ ಬದುಕಿದ್ದು ಪರದೇಶಿಗಳು ಬರುವುದಕ್ಕೆ ಐದು ಶತಮಾನ ಮುಂಚೆ. ಹಾಗಾಗಿ ಈ ಗೌರವ ನಮ್ಮ ಹಿರಿಯರಿಗೆ ಸಿಕ್ಕಿದ್ದು ಅಂತ ಮಲಬಾರಿಗಳು ಹೇಳುತ್ತಾ ಬಂದರು. ಅವರ ಮಾತಿನಲ್ಲಿ ನ್ಯಾಯವಿದೆ ಅಂತ ನನಗೂ ಅನಿಸುತ್ತದೆ.

ಕೊಡುಂಗಲ್ಲೂರನ್ನು ಬಿಟ್ಟು ಚದುರಿದ್ದು ಯಾಕೆ?

ಮಲಬಾರಿಗಳ ಹಳೆಯ ನೆಲೆ ಕೊಡುಂಗಲ್ಲೂರು. ಅಲ್ಲಿ ಅವರಿಗೆ ಬಿದ್ದ ಮೊದಲ ಪೆಟ್ಟು ಹೊಳೆಯದ್ದು. 1341ರಲ್ಲಿ ಪೆರಿಯಾರ್ ನದಿಗೆ ಭಾರಿ ಪ್ರವಾಹ ಬಂತು. ಕೊಡುಂಗಲ್ಲೂರಿನ ಬಂದರು ಹೂಳು ತುಂಬಿಕೊಂಡಿತು, ಕೊಚ್ಚಿಯ ಕಡೆ ಹೊಸ ಅಳಿವೆ ತೆರೆದುಕೊಂಡಿತು. ವ್ಯಾಪಾರ ಆ ಕಡೆ ತಿರುಗಿತು, ವ್ಯಾಪಾರಿಗಳೂ ತಿರುಗಿದರು. ಕೊಚ್ಚಿಯ ಕೊಚ್ಚಂಗಾಡಿಯಲ್ಲಿ ಅದಾದ ಮೂರ್ನಾಲ್ಕು ವರ್ಷಕ್ಕೇ ಒಂದು ಸಿನಗಾಗ್ ಎದ್ದಿತ್ತು. ಕಟ್ಟಡ ಈಗಿಲ್ಲ, ಅದರ ಹೀಬ್ರೂ ಶಿಲಾಶಾಸನ ಮಾತ್ರ ಪರದೇಶಿ ಸಿನಗಾಗಿನ ಗೋಡೆಯಲ್ಲಿ ಉಳಿದಿದೆ.

ಎರಡನೇ ಪೆಟ್ಟು 16ನೇ ಶತಮಾನದ ಗಲಭೆಗಳದ್ದು. ಮೆಣಸಿನ ವ್ಯಾಪಾರಕ್ಕಾಗಿ ನಡೆದ ಜಗಳದಲ್ಲಿ 1524ರಲ್ಲಿ ಕೊಡುಂಗಲ್ಲೂರಿನ ಯಹೂದಿಗಳ ಮನೆಗಳಿಗೆ ಬೆಂಕಿ ಬಿತ್ತು. ಪೋರ್ಚುಗೀಸರ ಕಾಟ ಬೇರೆ. ಕೊಚ್ಚಿಯ ರಾಜ ತನ್ನ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. ಸಣ್ಣ ಊರುಗಳಲ್ಲಿ ಆಶ್ರಯ ಕೊಟ್ಟವರು ಆಯಾ ಊರಿನ ಒಡೆಯರು. ಚೇಂದಮಂಗಲಂನಲ್ಲಿ ಆ ಕೆಲಸ ಮಾಡಿದ್ದು ಪಾಲಿಯಂ ಮನೆತನ. ಕೊಚ್ಚಿ ರಾಜರಿಗೆ ತಲೆಮಾರುಗಟ್ಟಲೆ ಮಂತ್ರಿಗಳಾಗಿದ್ದ ಮನೆತನ ಅದು.

ಅದಕ್ಕೇ ಚೇಂದಮಂಗಲಂನಲ್ಲಿ ಇವತ್ತಿಗೂ ದೇವಸ್ಥಾನ, ಮಸೀದಿ, ಚರ್ಚು, ಸಿನಗಾಗ್ ನಾಲ್ಕೂ ಹತ್ತಿರ ಹತ್ತಿರ ಇವೆ. ಸಿನಗಾಗಿನ ಅಂಗಳದಲ್ಲಿ ಒಂದು ಸಮಾಧಿ ಕಲ್ಲು ನಿಲ್ಲಿಸಿದ್ದಾರೆ. ಸಾರಾ, ಇಸ್ರೇಲ್ ಎಂಬಾತನ ಮಗಳು, 1269. ಭಾರತದಲ್ಲಿ ಸಿಕ್ಕಿರುವ ಹೀಬ್ರೂ ಸಮಾಧಿ ಕಲ್ಲುಗಳಲ್ಲಿ ಇದೇ ಹಳೆಯದು. ಕೊಡುಂಗಲ್ಲೂರಿನಿಂದ ಬರುವಾಗ ಆ ಕಲ್ಲನ್ನೂ ಹೊತ್ತು ತಂದರು ಅನ್ನುವುದು ಅಲ್ಲಿನವರ ನಂಬಿಕೆ. ಮನೆ ಬಿಟ್ಟು ಹೊರಟವರು ಸತ್ತವಳ ಹೆಸರನ್ನೂ ಬಿಟ್ಟು ಬರಲಿಲ್ಲ ಅನ್ನುವ ಈ ನಂಬಿಕೆ ಆ ಜನರ ಬಗ್ಗೆ ತುಂಬ ಹೇಳುತ್ತದೆ.

ಕರ್ನಾಟಕದ ಕರಾವಳಿಗೂ ಇದಕ್ಕೂ ನಂಟಿದೆಯಾ?

ಇದೆ, ಅದೂ ಹಳೆಯದು. ಟ್ಯುನೀಶಿಯಾದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಹೆಚ್ಚು ಕಡಿಮೆ 1149ರವರೆಗೂ ಈ ಕರಾವಳಿಯಲ್ಲೇ ಬದುಕಿದ. ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಯೆಮೆನ್ನಿನ ಏಡನ್ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಅವನಿಗೆ ಕಂಚಿನ ಕಾರ್ಖಾನೆಯೂ ಇತ್ತು. ಏಡನ್ನಿನ ಗೆಳೆಯರು ಒಡೆದ ಹಳೆ ಪಾತ್ರೆಗಳನ್ನು ಕಳಿಸಿ, ಇಂಥ ಅಳತೆಗೆ ಹೊಸದು ಮಾಡಿಸಿಕೊಡು ಅಂತ ಕಾಗದ ಬರೆಯುತ್ತಿದ್ದರು.

ಇದೆಲ್ಲ ಗೊತ್ತಾಗಿದ್ದು ಕೈರೋದ ಹಳೆ ಸಿನಗಾಗಿನ ಒಂದು ಕೋಣೆಯಿಂದ. ದೇವರ ಹೆಸರಿರುವ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ. ಹಾಗಾಗಿ ಲೆಕ್ಕದ ಚೀಟಿ, ಪತ್ರ ಎಲ್ಲವೂ ಶತಮಾನಗಟ್ಟಲೆ ಅಲ್ಲಿ ಉಳಿದವು. ಅವುಗಳಲ್ಲಿ 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಬರೆದ ಒಂದು ಪತ್ರವಿದೆ. ಅಶು ಎಂಬ ಹೆಣ್ಣುಮಗಳನ್ನು ದಾಸ್ಯದಿಂದ ಬಿಡಿಸಿದ ಪತ್ರ. ಅವಳೇ ಮುಂದೆ ಅವನ ಹೆಂಡತಿಯಾದಳು ಅನ್ನುತ್ತಾರೆ. ಅವನ ಪರವಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ ಸೇವಕನ ಹೆಸರು ಬೊಮ್ಮ. ಎಂಟುನೂರು ವರ್ಷದ ಹಳೆ ಕಾಗದದಲ್ಲಿ, ಹೀಬ್ರೂ ಲಿಪಿಯಲ್ಲಿ, ನಮ್ಮ ಕಡೆಯ ಒಂದು ಹೆಸರು!

ಮಂಗಳೂರಿನಲ್ಲಿ ಮಾಳದಂಥ ಊರುಕೇರಿ ಬೆಳೆಯಲಿಲ್ಲ. ಆದರೆ ಕೇರಳದ ಯಹೂದಿಗಳನ್ನು ಈ ಕರಾವಳಿಗೆ ಕಟ್ಟಿಹಾಕಿದ ವ್ಯಾಪಾರ ಎಂಥದ್ದು ಅಂತ ಇದರಿಂದ ತಿಳಿಯುತ್ತದೆ.

ಅಲ್ಲಿನ ಸಿನಗಾಗ್ ಹೇಗಿರುತ್ತದೆ?

ಹೊರಗಿನಿಂದ ನೋಡಿದರೆ ಕೇರಳದ ದೊಡ್ಡ ಮನೆಯ ಹಾಗೆ. ಇಳಿಜಾರು ಹೆಂಚಿನ ಮಾಡು, ಮರದ ಛಾವಣಿ, ಸುಣ್ಣ ಬಳಿದ ದಪ್ಪ ಗೋಡೆ. ಬೀದಿಯಲ್ಲಿ ಹೆಬ್ಬಾಗಿಲು, ಆಮೇಲೆ ಅಂಗಳ, ಆಮೇಲೆ ಒಂದು ಪಡಸಾಲೆ, ಅದರಾಚೆ ಪ್ರಾರ್ಥನೆಯ ಹಜಾರ. ಪರವೂರಿನಲ್ಲಿ ಈ ಸಾಲು ತುಂಬ ಉದ್ದ. ಗುಂಡು ಕಂಬಗಳ ಹಾದಿಯಲ್ಲಿ ನಡೆದು ಒಳಗೆ ಹೋಗಬೇಕು. ಅದನ್ನು 1616ರಲ್ಲಿ ಯಹೂದಿಗಳ ಮುದಲಿಯಾರ್ ಆಗಿದ್ದ ದಾವೀದ್ ಕಾಸ್ತಿಯೆಲ್ ಕಟ್ಟಿಸಿದ. ಮುದಲಿಯಾರ್ ಅಂದರೆ ರಾಜನಿಂದ ಮಾನ್ಯತೆ ಪಡೆದ ಮುಖಂಡ.

ಒಳಗೆ, ಜೆರುಸಲೇಮಿರುವ ಪಶ್ಚಿಮದ ಗೋಡೆಗೆ ಕೆತ್ತನೆಯ ಮರದ ಪೆಟ್ಟಿಗೆ. ಯಹೂದಿಗಳ ಧರ್ಮಗ್ರಂಥ ತೋರಾದ ಸುರುಳಿಗಳನ್ನು ಇಡುವುದು ಅಲ್ಲಿ. ನಡುವೆ ತೋರಾ ಓದುವ ವೇದಿಕೆ. ಬೇರೆ ಕಡೆಯ ಸಿನಗಾಗ್‌ಗಳಲ್ಲಿ ಕಾಣದ ಒಂದು ವಿಶೇಷ ಇಲ್ಲಿದೆ. ಮಹಡಿಯಲ್ಲಿ ಇನ್ನೊಂದು ವೇದಿಕೆ! ಹಬ್ಬದ ದಿನಗಳಲ್ಲಿ ಮೇಲಿನಿಂದ ಓದುತ್ತಿದ್ದರು. ಅದರ ಹಿಂದೆಯೇ, ಮರದ ಜಾಲರಿಯಾಚೆ, ಹೆಂಗಸರು ಕೂರುವ ಜಾಗ. ಹಾಗಾಗಿ ಓದುವ ದನಿಗೆ ಅತಿ ಹತ್ತಿರ ಇರುತ್ತಿದ್ದವರು ಹೆಂಗಸರು.

ಇನ್ನೊಂದು ಮಾತು. ಒಳಗೆ ಹೋಗುವಾಗ ಅವರು ಚಪ್ಪಲಿ ಬಿಡುತ್ತಿದ್ದರು. ಯುರೋಪಿನ ಯಹೂದಿಗಳಲ್ಲಿ ಈ ರೂಢಿ ಇಲ್ಲ.

ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು?

ಮಲಯಾಳಂ. ಹೀಬ್ರೂ ಪ್ರಾರ್ಥನೆಗೆ. ಅವರ ಮಲಯಾಳಂನಲ್ಲಿ ಹೀಬ್ರೂ ಪದಗಳೂ, ಬೇರೆಯವರು ಬಿಟ್ಟುಬಿಟ್ಟ ಹಳೆ ಮಲಯಾಳಂ ರೂಪಗಳೂ ಸೇರಿಕೊಂಡಿದ್ದವು. ಸಿನಗಾಗಿಗೆ ಅವರು ಹೇಳುತ್ತಿದ್ದುದು 'ಪಳ್ಳಿ'. ಚರ್ಚಿಗೂ ಮಸೀದಿಗೂ ಮಲಯಾಳಂನಲ್ಲಿ ಅದೇ ಪದ.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಹೆಂಗಸರ ಹಾಡುಗಳು. ಮದುವೆಗೆ, ಹಬ್ಬಕ್ಕೆ, ಮನೆಯ ಶುಭಕಾರ್ಯಗಳಿಗೆ ಹಾಡುವ ನೂರಾರು ಮಲಯಾಳಂ ಹಾಡುಗಳಿದ್ದವು. ಬೈಬಲ್ಲಿನ ಕಥೆಗಳು, ತಮ್ಮ ಸಿನಗಾಗ್ ಕಟ್ಟಿದ ಕಥೆ, ಮದುವಣಗಿತ್ತಿಯ ಅಲಂಕಾರ, ಗಿಳಿಯ ಹಾಡು. ಇವನ್ನು ಹೆಂಗಸರೇ ನೋಟ್‌ಬುಕ್ಕುಗಳಲ್ಲಿ ಮಲಯಾಳಂ ಲಿಪಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಅಜ್ಜಿಯಿಂದ ಮೊಮ್ಮಗಳಿಗೆ ಹೋಗುವ ಪುಸ್ತಕ ಅದು. ನಮ್ಮಲ್ಲೂ ಅಜ್ಜಿಯರು ಶೋಭಾನೆ ಪದ, ಹಸೆ ಹಾಡು ಬರೆದಿಟ್ಟುಕೊಳ್ಳುತ್ತಿದ್ದರು ಅಲ್ವಾ, ಹಾಗೆ. ಸಾಂಪ್ರದಾಯಿಕ ಯಹೂದಿಗಳಲ್ಲಿ ಎಷ್ಟೋ ಕಡೆ ಗಂಡಸರ ಮುಂದೆ ಹೆಂಗಸರು ಹಾಡುವಂತಿಲ್ಲ. ಕೇರಳದಲ್ಲಿ ಹಾಡುತ್ತಿದ್ದರು, ಗಂಡಸರು ಕೂತು ಕೇಳುತ್ತಿದ್ದರು. ಹೆಣ್ಣುಮಕ್ಕಳಿಗೂ ಹೀಬ್ರೂ ಓದಲು ಕಲಿಸುತ್ತಿದ್ದರು. ಇಸ್ರೇಲಿಗೆ ಹೋಗುವಾಗ ಗಂಟಿನಲ್ಲಿ ಈ ನೋಟ್‌ಬುಕ್ಕುಗಳೂ ಹೋದವು. ಮುಂದೆ ಸಂಶೋಧಕರಿಗೆ ಹಾಡುಗಳು ಸಿಕ್ಕಿದ್ದು ಅವುಗಳಿಂದಲೇ.

ಜೀವನಕ್ಕೆ ಏನು ಮಾಡುತ್ತಿದ್ದರು? ಊಟ, ಉಡುಗೆ?

ದೊಡ್ಡ ವ್ಯಾಪಾರಿಗಳು ಕೆಲವರು. ಸಣ್ಣ ಊರುಗಳಲ್ಲಿ ಜಾಸ್ತಿ ಜನ ಕೋಳಿ, ಮೊಟ್ಟೆ, ಮೀನು, ಎಣ್ಣೆ, ತರಕಾರಿ ಮಾರಿ ಬದುಕುವವರು. ಗಂಡಸರು ಮುಂಡು ಉಡುತ್ತಿದ್ದರು. ಮದುವೆಯಲ್ಲಿ ತಾಳಿ ಕಟ್ಟುವ ಪದ್ಧತಿಯೂ ಇತ್ತು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಕೆಲಸ ಇಲ್ಲ, ಒಲೆ ಹಚ್ಚುವಂತಿಲ್ಲ.

ಯಹೂದಿ ನಿಯಮದಲ್ಲಿ ಮಾಂಸ ಮತ್ತು ಹಾಲನ್ನು ಜೊತೆಗೆ ತಿನ್ನುವಂತಿಲ್ಲ. ಕೇರಳದಲ್ಲಿ ತೆಂಗಿನಹಾಲು ಇದ್ದಿದ್ದರಿಂದ ಅದು ಕಷ್ಟವೇ ಆಗಲಿಲ್ಲ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಾಸ್ಕ ಹಬ್ಬಕ್ಕೆ ಮಾತ್ರ ತಿಂಗಳುಗಟ್ಟಲೆ ತಯಾರಿ. ಮನೆಗೆ ಸುಣ್ಣ ಬಳಿದು, ಹಬ್ಬದ ಪಾತ್ರೆಗಳನ್ನು ಬೇರೆ ಇಟ್ಟು, ಅಕ್ಕಿಯನ್ನು ಒಂದೊಂದೇ ಕಾಳು ಆರಿಸುತ್ತಿದ್ದರು. ಮಡಿಯ ಬಗ್ಗೆ ಇಷ್ಟು ಕಟ್ಟುನಿಟ್ಟು ಬಂದದ್ದು ನೆರೆಯ ಹಿಂದೂ ಮನೆಗಳನ್ನು ನೋಡಿ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ.

ಅವರೊಳಗೆ ಭೇದಭಾವ ಇರಲಿಲ್ಲವಾ?

ಇತ್ತು. ಇದನ್ನು ಮುಚ್ಚಿಡಬಾರದು. ಪರದೇಶಿಗಳು ಮಲಬಾರಿಗಳ ಜೊತೆ ಹೆಣ್ಣು ಗಂಡು ಕೊಟ್ಟು ತರುತ್ತಿರಲಿಲ್ಲ. 'ಬಿಳಿ ಯಹೂದಿ', 'ಕಪ್ಪು ಯಹೂದಿ' ಅನ್ನುವ ಮಾತುಗಳು ಹುಟ್ಟಿದ್ದೇ ಹೀಗೆ. ದಾಸ್ಯದಿಂದ ಬಿಡುಗಡೆಯಾದವರ ಮಕ್ಕಳು ಮರಿಗಳಿಗೆ ಪರದೇಶಿ ಸಿನಗಾಗಿನಲ್ಲಿ ಬೆಂಚಿನ ಮೇಲೆ ಕೂರುವ ಹಕ್ಕಿರಲಿಲ್ಲ, ತೋರಾ ಓದಲು ಕರೆಯುತ್ತಿರಲಿಲ್ಲ. ಅದೇ ಬಳಗದಲ್ಲಿ ಹುಟ್ಟಿ ವಕೀಲರಾದ ಎ. ಬಿ. ಸೇಲಂ (1882–1967) ಗಾಂಧೀಜಿಯ ದಾರಿ ಹಿಡಿದು ಸಿನಗಾಗಿನಲ್ಲೇ ಸತ್ಯಾಗ್ರಹ ಮಾಡಿದರು. ಅವರನ್ನು 'ಯಹೂದಿ ಗಾಂಧಿ' ಅಂತ ಕರೆಯುತ್ತಿದ್ದರು. ಮೆಲ್ಲಗೆ ಬಾಗಿಲು ತೆರೆಯಿತು. 1950ರಲ್ಲಿ ಅವರ ಮಗ ಪರದೇಶಿ ಮನೆತನದ ಹುಡುಗಿಯನ್ನು ಮದುವೆಯಾದಾಗಲೂ ದೊಡ್ಡ ಗದ್ದಲವೇ ಆಯಿತು.

ನೆರೆಹೊರೆಯವರು ಕೊಡದ ನೋವನ್ನು ಒಳಗಿನವರು ಕೊಟ್ಟರು.

ಯಾರೂ ಓಡಿಸಲಿಲ್ಲ ಅಂದಮೇಲೆ ಎಲ್ಲರೂ ಹೋದದ್ದು ಯಾಕೆ?

ಇದೇ ಎಲ್ಲರೂ ಕೇಳುವ ಪ್ರಶ್ನೆ. ನೆರೆಹೊರೆಯವರ ದ್ವೇಷ ಕಾರಣವಲ್ಲ. ಇಸ್ರೇಲಿಗೆ ಹೋದವರೂ ಅದನ್ನೇ ಮತ್ತೆ ಮತ್ತೆ ಹೇಳಿದ್ದಾರೆ.

ಮೊದಲ ಕಾರಣ ಭಕ್ತಿ. ದಿನಾ ಜೆರುಸಲೇಮಿನ ಕಡೆ ಮುಖ ಮಾಡಿ ಪ್ರಾರ್ಥಿಸಿದ ಜನ ಅವರು. 1948ರಲ್ಲಿ ಇಸ್ರೇಲ್ ಹುಟ್ಟಿದಾಗ, ಪ್ರಾರ್ಥನೆ ಫಲಿಸಿತು ಅನ್ನುವ ನಂಬಿಕೆ ಅವರದ್ದು. ಎರಡನೆಯದು ಹೊಟ್ಟೆಪಾಡು. ಸಣ್ಣ ವ್ಯಾಪಾರ ಕಷ್ಟವಾಗುತ್ತಿತ್ತು.

ಮೂರನೆಯದು ಸಣ್ಣ ಊರಿಗೇ ಸೇರಿದ ಕಾರಣ. ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಗಂಡಸರು ಬೇಕು. ದೊಡ್ಡ ನಗರದಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಕೆಲವೇ ಮನೆಗಳಿರುವ ಊರಿನಲ್ಲಿ ನಾಲ್ಕು ಮನೆ ಖಾಲಿಯಾದರೆ ಪ್ರಾರ್ಥನೆಯೇ ನಿಂತುಹೋಗುತ್ತದೆ. ಮದುವೆಗೆ ಗಂಡು ಹೆಣ್ಣು ಸಿಗುವುದಿಲ್ಲ, ಹೆಣ ಹೊರಲು ಜನ ಇರುವುದಿಲ್ಲ. ಹಾಗಾಗಿ ಒಬ್ಬೊಬ್ಬರೇ ಹೊರಡುವ ಮಾತೇ ಇರಲಿಲ್ಲ. ಹೊರಟರೆ ಇಡೀ ಪಳ್ಳಿಯೇ ಹೊರಡಬೇಕು. ಹಾಗೇ ಆಯಿತು.

ಆಗ ಕೇರಳದಲ್ಲಿದ್ದ ಯಹೂದಿಗಳು ಸುಮಾರು 2500. ಹೋಗುವುದೂ ಸಲೀಸಾಗಲಿಲ್ಲ. ಕೊಚ್ಚಿ ಕಡೆ ಆನೆಕಾಲು ರೋಗ ಇತ್ತು. ಅದು ಹರಡೀತು ಅಂತ ಇಸ್ರೇಲಿನ ಅಧಿಕಾರಿಗಳು ಇವರನ್ನು ವರ್ಷಗಟ್ಟಲೆ ತಡೆದರು. ಮನೆ ಮಾರಿ ಸಿದ್ಧರಾಗಿದ್ದವರು ಕಾಯುತ್ತಾ ಕೂತರು. ಕೊನೆಗೆ 1954–55ರಲ್ಲಿ ಹೆಚ್ಚಿನವರು ಹೊರಟರು.

ಇಸ್ರೇಲಿನಲ್ಲಿ ಅವರ ಬದುಕು ಹೇಗಾಯಿತು?

ಅವರನ್ನು ಮೊಷಾವ್ ಎಂಬ ಸಹಕಾರಿ ಕೃಷಿ ಹಳ್ಳಿಗಳಲ್ಲಿ ನೆಲೆಗೊಳಿಸಿದರು. ದಕ್ಷಿಣದ ಮರುಭೂಮಿಯಲ್ಲಿ ನೆವಾತಿಂ, ಜೆರುಸಲೇಮಿನ ಬೆಟ್ಟಗಳ ಕಡೆ ಮೆಸಿಲತ್ ಸಿಯೋನ್, ಉತ್ತರದ ಗಡಿಯಲ್ಲಿ ಯುವಾಲ್. ತೆಂಗು, ಹೊಳೆ, ಮಳೆ ನೋಡಿ ಬೆಳೆದವರಿಗೆ ಕಲ್ಲು ಮರಳಿನ ನೆಲ. ಮೊಟ್ಟೆ ಮಾರುತ್ತಿದ್ದವರು ಗುದ್ದಲಿ ಹಿಡಿದರು. ಚೇಂದಮಂಗಲಂನಲ್ಲಿ ಹುಟ್ಟಿ 1955ರಲ್ಲಿ ಹೋದ ಎಲಿಯಾಹು ಬೆಜಲೆಲ್ ಮೊದಲು ಕುರಿ ಕಾಯ್ದು, ಆಮೇಲೆ ನೆಗೆವ್ ಮರುಭೂಮಿಯಲ್ಲಿ ಹೂವು ಬೆಳೆದು ಯುರೋಪಿಗೆ ಕಳಿಸಿದರು. ಭಾರತ ಸರ್ಕಾರ ಅವರಿಗೆ ಪ್ರವಾಸಿ ಭಾರತೀಯ ಸಮ್ಮಾನ್ ಕೊಟ್ಟಿತು. ನೆವಾತಿಂನಲ್ಲಿ ಕೊಚ್ಚಿ ಮಾದರಿಯ ಸಿನಗಾಗ್ ಇದೆ, ಒಂದು ಮ್ಯೂಸಿಯಂ ಕೂಡ ಇದೆ.

ಅವರು ಬಿಟ್ಟುಹೋದ ಸಿನಗಾಗ್, ಸ್ಮಶಾನಗಳ ಗತಿ ಏನು?

ಒಂದೊಂದು ಊರಿನದು ಒಂದೊಂದು ಕಥೆ. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಮರದ ಒಳಾಂಗಣವನ್ನು ಬಿಚ್ಚಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಒಯ್ದು ಮತ್ತೆ ಜೋಡಿಸಿದ್ದಾರೆ. ಬರೀ ಗೋಡೆ ಉಳಿದಿದ್ದ ಇಲ್ಲಿನ ಕಟ್ಟಡ 2019ರ ಮಳೆಗೆ ಕುಸಿಯಿತು. ಚೇಂದಮಂಗಲಂ ಮತ್ತು ಪರವೂರಿನ ಸಿನಗಾಗ್‌ಗಳನ್ನು ಸರ್ಕಾರ ದುರಸ್ತಿ ಮಾಡಿಸಿ ಮ್ಯೂಸಿಯಂ ಮಾಡಿದೆ. ಎರ್ನಾಕುಲಂನಲ್ಲೂ ಕಡವುಂಭಾಗಂ ಅನ್ನುವ ಹೆಸರಿನದೇ ಇನ್ನೊಂದು ಸಿನಗಾಗ್ ಇದೆ, ಅದರ ಮುಂಭಾಗದಲ್ಲಿ ಎಷ್ಟೋ ವರ್ಷ ಗಿಡ ಮತ್ತು ಬಣ್ಣದ ಮೀನುಗಳ ಅಂಗಡಿ ನಡೆಯಿತು. ಅಂಗಡಿಯವರು ಅದೇ ಸಮುದಾಯದವರು. ಹಾಗಾಗಿಯೇ ಕಟ್ಟಡ ಉಳಿಯಿತು.

ಮಾಳದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹೊರಡುವ ಮುಂಚೆ ಅಲ್ಲಿನ ಯಹೂದಿಗಳು ಸಿನಗಾಗನ್ನೂ ಸುಮಾರು ನಾಲ್ಕು ಎಕರೆಯ ಸ್ಮಶಾನವನ್ನೂ ಮಾರಲಿಲ್ಲ. ಪಂಚಾಯತಿಗೆ ಕರಾರು ಬರೆದು ಒಪ್ಪಿಸಿದರು. ಸಿನಗಾಗನ್ನು ಬೇರೆ ಪ್ರಾರ್ಥನಾ ಸ್ಥಳ ಮಾಡಬಾರದು, ಕಸಾಯಿಖಾನೆ ಮಾಡಬಾರದು. ಸ್ಮಶಾನವನ್ನು ಸ್ಮಶಾನವಾಗಿಯೇ ಕಾಪಾಡಬೇಕು. ಕೇಳಿದ್ದು ಇಷ್ಟೇ. ಹಣ ಕೇಳಲಿಲ್ಲ. ನೆರೆಯವರ ಮಾತಿನ ಮೇಲೆ ನಂಬಿಕೆ ಇಟ್ಟು, ತಮ್ಮ ಸತ್ತವರನ್ನು ಅವರ ಕೈಗೆ ಕೊಟ್ಟು ಹೋದರು.

ಆ ಮಾತು ಪೂರ್ತಿ ನಡೆಯಲಿಲ್ಲ. ಕಟ್ಟಡ ಶಿಥಿಲವಾಯಿತು. ಸ್ಮಶಾನದಲ್ಲಿ ಈಗ ಕಾಣುವುದು ಬೆರಳೆಣಿಕೆಯ ಸಮಾಧಿಗಳು. ಜಾಗದ ಒಂದು ಭಾಗ ಕ್ರೀಡಾಂಗಣವಾಯಿತು. ಅದನ್ನು ವಿರೋಧಿಸಿ ಸಮಿತಿ ಕಟ್ಟಿ ಓಡಾಡಿದವರು ಮಾಳದ ಜನರೇ. ಅವರಲ್ಲಿ ಯಹೂದಿಗಳು ಯಾರೂ ಇಲ್ಲ, ಇರಲು ಸಾಧ್ಯವೂ ಇಲ್ಲ. ತಾತಂದಿರು ಕೊಟ್ಟ ಮಾತು ನಮ್ಮದೂ ಹೌದು ಅಂತ ಅವರು ನಿಂತರು. ಕರಾರು ಮುರಿದ ಊರೂ ಮಾಳವೇ, ಅದಕ್ಕಾಗಿ ಜಗಳ ಆಡಿದ ಊರೂ ಮಾಳವೇ. ಎರಡನ್ನೂ ಹೇಳಿದರೆ ಮಾತ್ರ ಕಥೆ ಸರಿಯಾಗುತ್ತದೆ.

ಮಹಾರಾಷ್ಟ್ರದ ಬೆನೆ ಇಸ್ರೇಲರು ಇವರೇನಾ?

ಅಲ್ಲ. ಅವರದ್ದು ಬೇರೆ ಸಮುದಾಯ, ಮನೆಮಾತು ಮರಾಠಿ. ಅಲಿಬಾಗ್, ರೇವದಂಡಾ, ಪೇಣ್ ಕಡೆಯ ಕೊಂಕಣದ ಹಳ್ಳಿಗಳಲ್ಲಿ ಗಾಣದವರಾಗಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ 'ಶನಿವಾರ ತೇಲಿ' ಅನ್ನುತ್ತಿದ್ದರು. ಊರಿನ ಹೆಸರಿಗೆ 'ಕರ್' ಸೇರಿಸಿದ ಅಡ್ಡಹೆಸರು ಅವರಿಗೂ ಇದೆ.

ಈಗ ಹೋದರೆ ಏನು ನೋಡಬಹುದು?

ಪರವೂರು, ಚೇಂದಮಂಗಲಂ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು. ಆಲುವಾದಿಂದ ಹತ್ತಿರ. ಪರವೂರಿನ ಯಹೂದಿ ಬೀದಿಯ ಬಾಯಲ್ಲಿ ಎರಡು ಕಂಬಗಳಿವೆ, ಅವನ್ನು ಗಮನಿಸಿ. ಒಳಗಿನ ತೋರಾ ಪೆಟ್ಟಿಗೆ ಪ್ರತಿಕೃತಿ. ಮೂಲದ್ದು ಇಸ್ರೇಲಿನಲ್ಲಿದೆ. ಮಹಡಿ ಹತ್ತಿ ಹೆಂಗಸರ ಜಾಲರಿಯ ಹಿಂದೆ ಒಂದೆರಡು ನಿಮಿಷ ನಿಲ್ಲಿ. ಚೇಂದಮಂಗಲಂ ಕೈಮಗ್ಗದ ಊರು, ಒಳ್ಳೆ ಮುಂಡು ಸಿಗುತ್ತದೆ. ಮಾಳಕ್ಕೂ ಹೋಗಿ. ಅಲ್ಲಿ ದಾರಿ ಗೊತ್ತಾಗದಿದ್ದರೆ 'ಜೂದ ಪಳ್ಳಿ' ಎಲ್ಲಿ ಅಂತ ಕೇಳಿ. ಎಪ್ಪತ್ತು ವರ್ಷದಿಂದ ಆ ಊರಿನಲ್ಲಿ ಯಹೂದಿಗಳಿಲ್ಲ, ಆದರೂ ದಾರಿ ತೋರಿಸುತ್ತಾರೆ.